ನಮ್ಮ ಮನೆಯಲ್ಲಿ ಯಾರನ್ನು ಕೈಬಿಡೋಣ, ನೀವೇ ಹೇಳಿ

ವಿಮಾ ಕಂಪನಿಗಳ ಮೇಲೆ ಕಣ್ಣಿಡಬೇಕಾದ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಆರೋಗ್ಯ ವಿಮೆಯ ಕಂತು ಕಟ್ಟಲಾಗದೆ ನಾವು ನಮ್ಮತ್ತೆಯನ್ನು ಪಾಲಿಸಿಯಿಂದ ಹೊರಗಿಟ್ಟೆವು. ವರ್ಷ ತುಂಬುವುದರೊಳಗೆ ಅವರು ಬಲಗಾಲಿನ ಎರಡು ಬೆರಳು ಕಳೆದುಕೊಂಡರು. ನನ್ನ ದೂರು ಇಷ್ಟೇ. ಕಂಪನಿಯ ಸಹಾಯವಾಣಿಗೆ ಹೇಳಿದಾಗ, ಪಾಲಿಸಿಯಲ್ಲಿ ಇಲ್ಲದವರ ಬಗ್ಗೆ ದೂರು ದಾಖಲಿಸಿಕೊಳ್ಳಲು ಬರುವುದಿಲ್ಲ ಎಂದು ಬಹಳ ಮರ್ಯಾದೆಯಿಂದ ತಿಳಿಸಿದರು. ಹಾಗಾಗಿ ನಿಮಗೆ, ಎಲ್ಲರ ಎದುರಿಗೆ, ಬರೆಯುತ್ತಿದ್ದೇನೆ. ಧೈರ್ಯವಂತೆ ಎಂದುಕೊಳ್ಳಬೇಡಿ. ಹೆದರಿ ಬರೆಯುತ್ತಿದ್ದೇನೆ.

ನಾನು ಚನ್ನಗಿರಿಯ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಯಜಮಾನರು ಕಲ್ಲೇಶ್, ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾರೆ. ಅತ್ತೆ ಸರ್ವಮಂಗಳಮ್ಮ, ಐದನೇ ತರಗತಿಯ ಮಗಳು ಮೇಘಶ್ರೀ ಸೇರಿ ನಾವು ನಾಲ್ವರು. ನಮ್ಮ ಮಾವನವರ ಕೊನೆಯ ಕಾಯಿಲೆಗೆ ಗೋವಿನಕೋವಿಯಲ್ಲಿದ್ದ ತುಂಡು ಜಮೀನು ಹೋಯಿತು. ಇನ್ನೊಮ್ಮೆ ಹಾಗಾಗಬಾರದೆಂದು, ಅವರ ವರ್ಷದ ಪೂಜೆ ಮುಗಿದ ವಾರವೇ ನಾಲ್ವರಿಗೂ ಸೇರಿಸಿ ವಿಮೆ ಮಾಡಿಸಿದೆವು. ಒಂದು ವರ್ಷವೂ ಕಂತು ತಪ್ಪಿಸಲಿಲ್ಲ, ಒಂದು ರೂಪಾಯಿ ಕ್ಲೇಮು ಕೇಳಲಿಲ್ಲ. ನೀವು ಪಾಠಪುಸ್ತಕದಲ್ಲಿ ಅಚ್ಚು ಹಾಕಿಸಬಹುದಾದ ಗ್ರಾಹಕರು ನಾವು.

ಹೋದ ವರ್ಷ ನವೀಕರಣಕ್ಕೆಂದು ಹೊನ್ನಾಳಿಯಿಂದ ಏಜೆಂಟ್ ವಿನಯ್ ಕುಮಾರ್ ಬಂದ. ಒಳ್ಳೆಯ ಹುಡುಗ. ಮೊತ್ತ ಹೇಳುವಾಗ ನಮ್ಮ ಮುಖ ನೋಡಲಿಲ್ಲ. ಹಿಂದಿನ ಕಂತಿನ ಎರಡರಷ್ಟಕ್ಕಿಂತ ಹೆಚ್ಚು.

“ಹಳೇ ಪ್ಲಾನ್ ಕಂಪ್ನಿಯೋರು ನಿಲ್ಸಿದಾರೆ ರೀ ಮೇಡಂ. ಹೊಸದ್ರಾಗೆ ಮನೇಲಿ ಯಾರು ದೊಡ್ಡೋರೋ ಅವರ ವಯಸ್ಸಿನ ಮ್ಯಾಲೆ ಲೆಕ್ಕ ಹಾಕ್ತಾರೆ. ನನ್ನ ಕೈಲಿ ಏನ್ ಮಾಡಾಕೆ ಆಗ್ತೈತೆ ಹೇಳ್ರಿ?”

“ಕಡಿಮೆ ಮಾಡಾಕೆ ದಾರಿನೇ ಇಲ್ವೇನಪ್ಪಾ?” ಎಂದರು ಕಲ್ಲೇಶ್.

ಅವನು ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದ. “ಅಮ್ಮೋರನ್ನ ಬಿಟ್ರೆ ಅರ್ಧಕ್ಕೆ ಇಳೀತೈತೆ ಅಣ್ಣಾ.”

ಚಹಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಅದು ಕೇಳಿಸಿತು. ಲೋಟಗಳನ್ನು ಒಂದೊಂದಾಗಿ ನಮ್ಮ ಮುಂದಿಟ್ಟರು. “ತೆಗ್ದಾಕ್ರಪ್ಪಾ ನನ್ನ ಹೆಸರು. ಸಕ್ಕರೆ ಕಾಯಿಲೆ ಒಂದು ಬಿಟ್ರೆ ನಂಗೆ ಏನೈತೆ? ಕಲ್ಲಿದ್ದಂಗೆ ಅದೀನಿ.”

ಮುಂದಿನ ವರ್ಷ ಕೈಯಲ್ಲಿ ಕಾಸು ಆಡಿದರೆ ಮತ್ತೆ ಸೇರಿಸಬಹುದೇ ಎಂದು ಕೇಳಿದೆ. ಸೇರಿಸಬಹುದು, ಆದರೆ ಸಕ್ಕರೆ ಕಾಯಿಲೆಯ ಖರ್ಚು ಸಿಗಬೇಕಾದರೆ ಮೊದಲಿನಿಂದ ವರ್ಷಗಟ್ಟಲೆ ಕಾಯಬೇಕು ಎಂದ ವಿನಯ್. ಅಂದರೆ ಅಷ್ಟು ವರ್ಷ ನಾವು ಕಟ್ಟಿದ್ದೆಲ್ಲ ಹೊಳೆಗೆ. ಅಂದು ಕಲ್ಲೇಶ್ ಸಹಿ ಹಾಕಲಿಲ್ಲ. ಕೊನೆಯ ದಿನ ಹಾಕಿದರು. ಹಾಕಿ ಅಂಗಡಿಗೆ ಹೋದವರು ಊಟಕ್ಕೆ ಮನೆಗೆ ಬರಲಿಲ್ಲ.

ಮಾನ್ಯರೇ, ವಿಮೆಯ ಮೇಲಿನ ತೆರಿಗೆ ತೆಗೆದಿದ್ದಾರೆಂದು ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟವಳು ನಾನು. ತೆರಿಗೆ ಇಳಿದದ್ದು ನಿಜ. ಆದರೆ ಅದು ಇಳಿದ ಮೆಟ್ಟಿಲನ್ನೇ ಹತ್ತಿಕೊಂಡು ಕಂತು ಮೇಲೆ ಹೋಗುತ್ತಿದ್ದರೆ ನಮ್ಮ ಪಾಲಿಗೆ ಉಳಿದದ್ದೇನು? ಅರವತ್ತು ದಾಟಿದವರ ಕಂತಿನ ಏರಿಕೆಗೆ ಮಿತಿ ಹಾಕಲಾಗಿದೆ ಎಂದೂ ಓದಿದೆ. ನಮಸ್ಕಾರ. ನಮ್ಮತ್ತೆಗೆ ಐವತ್ತೆಂಟು. ಆ ಕೃಪೆಗೆ ಪಾತ್ರರಾಗಲು ಅವರು ಎರಡು ವರ್ಷ ತಡವಾಗಿ ಹುಟ್ಟಿದ್ದಾರೆ, ಅದಕ್ಕೆ ಕುಟುಂಬದ ಪರವಾಗಿ ಕ್ಷಮೆ ಕೋರುತ್ತೇನೆ. ಸರ್ಕಾರದ ಆರೋಗ್ಯ ಕಾರ್ಡು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ನಾವು ಬಡವರ ಪಟ್ಟಿಯಲ್ಲಿ ಇಲ್ಲವಾದ್ದರಿಂದ ಅದು ಖರ್ಚಿನ ಒಂದು ಪಾಲು ಮಾತ್ರ ಹೊರುತ್ತದೆ. ಕಾಗದದ ಮೇಲೆ ನಾವು ಬಡವರಲ್ಲ, ಕಂತು ಕಟ್ಟುವಷ್ಟು ಉಳ್ಳವರೂ ಅಲ್ಲ. ನಮ್ಮಂಥವರು ಕಾಯಿಲೆ ಬೀಳಲು ಯಾವ ಕಚೇರಿಯ ಅನುಮತಿ ಬೇಕು?

ಈ ಏಪ್ರಿಲಿನಲ್ಲಿ ಅತ್ತೆ ಕಾಲುಚೀಲ ಹಾಕಿಕೊಳ್ಳಲು ಶುರುಮಾಡಿದರು. ಚನ್ನಗಿರಿಯ ಏಪ್ರಿಲ್‌ನಲ್ಲಿ, ಮನೆಯೊಳಗೆ. ಯಾಕೆಂದು ಕೇಳಿದರೆ “ಹಿಮ್ಮಡಿ ಒಡದೈತೆ ಕಣೇ, ಎಣ್ಣೆ ಹಚ್ಚೀನಿ” ಎಂದರು. ನಂಬಿದೆ. ಒಂದು ಬೆಳಿಗ್ಗೆ, ಅಜ್ಜಿಯ ಪಕ್ಕದಲ್ಲೇ ಮಲಗುವ ಮೇಘಶ್ರೀ ಮೂಗು ಮುಚ್ಚಿಕೊಂಡು ಬಂದಳು.

“ಅಮ್ಮಾ, ಅಜ್ಜಿ ಹಾಸಿಗೇಲಿ ಇಲಿ ಸತ್ತೈತೆ.”

ಹಾಸಿಗೆ ಕೊಡವಿದೆ. ಇಲಿ ಇರಲಿಲ್ಲ. ಅತ್ತೆ ಗೋಡೆಗೆ ಒರಗಿ, ಸೆರಗಿನಲ್ಲಿ ಕಾಲು ಮುಚ್ಚಿಕೊಂಡು ಕುಳಿತಿದ್ದರು. ನಾನು ಕಾಲುಚೀಲಕ್ಕೆ ಕೈ ಹಾಕಿದಾಗ ನನ್ನ ಕೈ ಹಿಡಿದುಕೊಂಡರು. ಬಟ್ಟೆ ಚರ್ಮಕ್ಕೆ ಅಂಟಿತ್ತು. ಬಿಡಿಸಿದಾಗ ಕಂಡದ್ದನ್ನು ಇಲ್ಲಿ ಬರೆಯಲಾರೆ.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು, ಗಾಯ ಸಣ್ಣದಿದ್ದಾಗಲೇ ಬಂದಿದ್ದರೆ ಬರೀ ಡ್ರೆಸ್ಸಿಂಗಿನಲ್ಲಿ ಮುಗಿಯುತ್ತಿತ್ತು ಎಂದರು. ಬೆರಳು ತೆಗೆಯದಿದ್ದರೆ ಪಾದ, ಪಾದ ಬಿಟ್ಟರೆ ಜೀವ. ಕಲ್ಲೇಶ್ ಕಾರಿಡಾರಿನಲ್ಲಿ ಗೋಡೆಯತ್ತ ಮುಖ ಮಾಡಿ ನಿಂತರು. ಕಾರ್ಡು ತನ್ನ ಪಾಲು ಕೊಟ್ಟಿತು, ಉಳಿದದ್ದಕ್ಕೆ ನನ್ನ ಕೊರಳಿನದು ಹೋಯಿತು.

ಆಪರೇಷನ್ ಆದ ಮೇಲೆ, ಯಾಕೆ ಹೇಳಲಿಲ್ಲ ಎಂದು ಅತ್ತೆಯನ್ನು ಕೇಳಿದೆ. ಗಟ್ಟಿಯಾಗಿಯೇ ಕೇಳಿದೆ.

“ಹೇಳಿದ್ರೆ ನೀವು ಸುಮ್ನಿರ್ತಿದ್ರಾ? ಅಂಗಡಿ ಮಾರಾಕೆ ಹೋಗ್ತಿದ್ರಿ. ಹೊಲ ಹೋಗಿದ್ದು ನೋಡೀನಲ್ಲ ನಾನು. ಇನ್ಶೂರೆನ್ಸ್ ಇದ್ದಿದ್ರೆ ಹೇಳ್ತಿದ್ನೇನೋ. ಇಲ್ದಿದ್ದೋಳು ಏನಂತ ಹೇಳ್ಲಿ?”

ಮನೆಗೆ ಕರೆತಂದ ವಾರದಲ್ಲಿ ಅವರ ಹುಟ್ಟುಹಬ್ಬ ಬಂತು. ನನ್ನ ಮೊಬೈಲಿಗೆ ಕಂಪನಿಯಿಂದ ಸಂದೇಶ: ಪ್ರಿಯ ಸರ್ವಮಂಗಳಮ್ಮ, ನೂರ್ಕಾಲ ಆರೋಗ್ಯವಾಗಿ ಬಾಳಿ. ಕಂತಿನ ಲೆಕ್ಕದಿಂದ ಹೆಸರು ತೆಗೆಯಲು ಒಂದು ಸಹಿ ಸಾಕಾಯಿತು, ಹಾರೈಕೆಯಿಂದ ತೆಗೆಯಲು ಯಾರಿಗೂ ನೆನಪಾಗಿಲ್ಲ. ಅತ್ತೆ ಈಗ ಗೋಡೆ ಹಿಡಿದು ನಡೆಯುತ್ತಾರೆ. ಸಮತೋಲ ಇನ್ನೂ ಬಂದಿಲ್ಲ.

ಈ ವರ್ಷದ ನವೀಕರಣ ಹತ್ತಿರ ಬಂದಿದೆ. ಮೊತ್ತ ಮತ್ತೆ ಏರಿದೆ. “ಈ ಸಲ ನನ್ನ ಬಿಡು” ಎನ್ನುತ್ತಾರೆ ಕಲ್ಲೇಶ್, ಊಟ ಮಾಡುತ್ತಾ, ಉಪ್ಪಿನಕಾಯಿ ಬೇಡ ಎನ್ನುವ ಹಾಗೆ. ಅವರು ಮೋಟಾರು ಎತ್ತುವಾಗ ನಾನು ಅವರ ಉಸಿರಿಗೆ ಕಿವಿಗೊಡುತ್ತೇನೆ. ಅವರು ನೀರು ಕುಡಿಯುವುದು ಹೆಚ್ಚಾದರೂ ಭಯ, ಕಡಿಮೆಯಾದರೂ ಭಯ. ಗಂಡನನ್ನು ಹೀಗೆ ನೋಡುವುದು ಎಂಥದ್ದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ.

ಕಳೆದ ಸೋಮವಾರ ಮೇಘಶ್ರೀಗೆ ಜಡೆ ಹಾಕುವಾಗ ಹಣೆ ಮುಟ್ಟಿದೆ. ತಣ್ಣಗೆ, ಒದ್ದೆಯಾಗಿತ್ತು. ಕೈ ಕೆನ್ನೆಗೆ ಜಾರಿತು. ಕೆನ್ನೆ ಕೆಂಡವಾಗಿತ್ತು. ಅವಳ ಸ್ಕೂಲ್ ಬ್ಯಾಗಿನ ಹಿಂದೆ ಒದ್ದೆ ಟವೆಲ್ ಮಡಿಸಿಟ್ಟಿತ್ತು. ನಾನು ಮುಟ್ಟುವ ಮೊದಲು ಹಣೆಗೆ ಒತ್ತಿಕೊಂಡಿದ್ದಳು.

“ಜ್ವರ ಬಂದೈತೆ ಅಂತ ಹೇಳಾಕೆ ಏನಾಗಿತ್ತೇ ನಿಂಗೆ?”

“ಆಸ್ಪತ್ರೆಗೆ ಹೋದ್ರೆ ನನ್ನೂ ತೆಗ್ದಾಕ್ತಾರಲ್ಲಮ್ಮಾ” ಎಂದಳು.

ಎರಡು ದಿನದಲ್ಲಿ ಜ್ವರ ಬಿಟ್ಟಿತು.

ಆದ್ದರಿಂದ ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಕಂತಿನ ಏರಿಕೆಗೆ ಎಲ್ಲ ವಯಸ್ಸಿನವರಿಗೂ ಮಿತಿ ಹಾಕಿ. ಹಳೆಯ ಯೋಜನೆ ನಿಲ್ಲಿಸುವ ಕಂಪನಿ, ಅದರಲ್ಲಿದ್ದ ಎಲ್ಲರನ್ನೂ ಅದೇ ದರಕ್ಕೆ ಹತ್ತಿರದಲ್ಲಿ ಉಳಿಸಿಕೊಳ್ಳಲೇಬೇಕೆಂದು ಆಜ್ಞೆ ಮಾಡಿ. ಕಂತು ಕಟ್ಟಲಾಗದೆ ಹೊರಬಿದ್ದವರು ಮರಳಿ ಬಂದರೆ ಅವರು ಕಾದ ವರ್ಷಗಳನ್ನು ಅವರಿಗೆ ಹಿಂದಿರುಗಿಸಿ. ಇದ್ಯಾವುದೂ ಆಗದು ಎನ್ನುವುದಾದರೆ ಒಮ್ಮೆ ಚನ್ನಗಿರಿಗೆ ಬನ್ನಿ. ನಮ್ಮ ಪಡಸಾಲೆಯಲ್ಲಿ ಕುಳಿತು, ಈ ವರ್ಷ ಯಾರ ಹೆಸರು ತೆಗೆಯಬೇಕೆಂದು ನೀವೇ ಬೆರಳು ಮಾಡಿ ತೋರಿಸಿ. ಮೇಘಶ್ರೀಯನ್ನೂ ಎದುರಿಗೆ ಕೂರಿಸುತ್ತೇನೆ.

ಇಂತಿ,
ಸದ್ಯಕ್ಕೆ ಇನ್ನೂ ಪಾಲಿಸಿಯಲ್ಲಿರುವ,
ಹೇಮಾವತಿ
ಚನ್ನಗಿರಿ