ಮಾಮಾಗ ಚಾ ಅಷ್ಟ ಕೊಡ್ರಿ

ಏನ್ರೀ, ನಾ ದೇವದುರ್ಗದ ಬಸ್ಸಿಗೆ ಹೊಂಟೀನಿ. ಮಧ್ಯಾಹ್ನ ನಿಮ್ಮ ಅಕ್ಕನ ಗಂಡ ಹಂಪಯ್ಯ ಮಾಮಾ ಇನ್ಸೂರೆನ್ಸ್ ಫಾರಂ ಹಿಡಕೊಂಡು ಬರ್ತಾರ. ಊಟಕ್ಕ ಮಾತ್ರ ಕುಂದ್ರಿಸಬ್ಯಾಡ್ರಿ. ಹೋದ ತಿಂಗಳು ಚೀಟಿ ಫಂಡಿನಾವಗ ಉಣ್ಣಾಕ ಹಾಕಿ, ಮನ್ಯಾಗ ಉಂಡೋರಿಗೆ ಹೆಂಗ ಇಲ್ಲ ಅನ್ನೂದಂತ ಸಹಿ ಮಾಡಿದ್ರಿ.

ಮಿಲ್ಲು ಮುಚ್ಚಿದಾಗ ನಿಮಗ ಕೊಟ್ಟ ರೊಕ್ಕದಾಗ ಉಳಿದದ್ದು ಇಷ್ಟ. ಬರೂ ವರ್ಷ ಮಗಳು ಸರೋಜಾನ ಟೀಚರ್ ಟ್ರೇನಿಂಗಿಗೆ ಬೇಕು. ಹದಿನೈದು ವರ್ಷದ ಪಾಲಿಸಿ ತಗೊಂಡು ಏನ್ ಮಾಡೂದ್ರೀ?

“ರೊಕ್ಕ ನಿಮಗ ಯಾವಾಗ ಬೇಕಾಗ್ತದ?” ಅಂತ ಕೇಳಿದಾಕಿ ಪೋಸ್ಟ್ ಆಫೀಸಿನ ಉಳಿತಾಯದ ಏಜೆಂಟ್ ವೆಂಕಮ್ಮ ಒಬ್ಬಾಕಿನ. ನಾಳೆ ಬರ್ತಾಳ, ಅಲ್ಲಿತನಕ ತಡೀರಿ.

ಮನ್ಯಾಗಿನ ಪೆನ್ನು ನಾ ಒಯ್ಯಾಕತ್ತೀನಿ. ಮಾಮಾನ ಕಿಸೆದಾಗ ಒಂದು ಇದ್ದ ಇರ್ತದ.

ಏನ್ ಮಾಡ್ಲಿ, ನಿಮ್ಮನ್ನ ಬಲ್ಲೆ. ಬುಟ್ಟ್ಯಾಗ ಇಬ್ಬರಿಗಾಗೂವಷ್ಟು ರೊಟ್ಟಿ ಇಟ್ಟೀನಿ.