ತಾರೀಕಿನ ಅಧ್ಯಾಯ

ಆಗಸ್ಟ್ 6, ಬೆಳಿಗ್ಗೆ

ಓದು ಮುಗಿಯಿತು. ಕಾಫಿಯೂ ಆಯಿತು. ಇವರು ಮೊದಲ ಟ್ರಿಪ್ಪಿನ ಬಸ್ಸು ಓಡಿಸಲು ಹೊರಟುಹೋದರು. ನನ್ನ ತಮ್ಮ ಕೆಳಗೆ ನಮ್ಮ ಕುಶನ್ ಅಂಗಡಿ ಗುಡಿಸುತ್ತಿದ್ದಾನೆ. ಇಳಿಯುವ ಮೊದಲು ನಾಲ್ಕು ಸಾಲು ಬರೆದುಬಿಡುತ್ತೇನೆ.

ಇವತ್ತು ಆರನೇ ತಾರೀಕು, ಹಾಗಾಗಿ ಜ್ಞಾನೋಕ್ತಿಗಳ ಆರನೇ ಅಧ್ಯಾಯ. ಅಮ್ಮ ಹಾಕಿಕೊಟ್ಟ ಕ್ರಮ. ಬೈಬಲಿನ ಆ ಭಾಗದಲ್ಲಿ ಇರುವುದು ಮೂವತ್ತೊಂದು ಅಧ್ಯಾಯ. ತಾರೀಕು ಯಾವುದೋ ಅಧ್ಯಾಯ ಅದೇ. ಒಂದು ವಚನ ಅವನು, ಒಂದು ನಾನು. ಮುಗಿದ ಮೇಲೆ ಇಬ್ಬರೂ ಒಂದೊಂದು ಆರಿಸಿಕೊಳ್ಳಬೇಕು — ಇವತ್ತಿಗೆ ನನಗೆ ಇದು, ಅಂತ. ನನಗೆ. ನಿನಗೆ ಅಲ್ಲ. ಈ ವಿಷಯದಲ್ಲಿ ಅಮ್ಮ ಬಹಳ ಬಿಗಿ ಇದ್ದಳು. ಇನ್ನೊಬ್ಬರಿಗೆ ಆರಿಸಿಕೊಟ್ಟವರು ಅವತ್ತಿನ ಪಾತ್ರೆ ತೊಳೆಯಬೇಕು.

ಇವತ್ತು ಇರುವೆಯ ಅಧ್ಯಾಯ. ಇರುವೆಯನ್ನು ನೋಡಿ ಕಲಿ ಅಂತ ಸೋಮಾರಿಗೆ ಹೇಳುವ ಮಾತು ಬಂದಾಗ ಸುಮ್ಮನೆ ಅವನ ಕಡೆ ನೋಡಿದೆ, ಅಷ್ಟೇ.

"ಪಾತ್ರೆ ನಿಂದೇ ಅಕ್ಕ."

"ನಾನೇನೂ ಹೇಳ್ಲಿಲ್ವಲ್ಲೋ!"

"ನಿನ್ನ ಹುಬ್ಬು ಹೇಳ್ತು."

ತೊಳೆದೆ.

ಆಗಸ್ಟ್ 9

ಬೆಳಿಗ್ಗೆಯೇ ನಕ್ಕು ನಕ್ಕು ಸುಸ್ತು. ಒಂಬತ್ತನೇ ಅಧ್ಯಾಯದಲ್ಲಿ ಜ್ಞಾನ ಎಂಬ ಹೆಂಗಸು ಮನೆ ಕಟ್ಟಿ, ಊಟಕ್ಕೆ ಮಾಡಿ, ದಾರಿಹೋಕರನ್ನೆಲ್ಲ ಕರೆಯುತ್ತಾಳೆ. ಬಡಿಸುವುದರಲ್ಲಿ ದ್ರಾಕ್ಷಾರಸವೂ ಇದೆ. ತಮ್ಮ ಓದು ನಿಲ್ಲಿಸಿ ಗಂಭೀರವಾಗಿ ನನ್ನನ್ನು ನೋಡಿದ. "ಅಕ್ಕ, ಇಷ್ಟು ಮರ್ಯಾದೆಯಿಂದ ಕರೆದ್ರೆ ಇಲ್ಲ ಅನ್ನೋದು ಹೇಗೆ?"

ನಕ್ಕೆ. ಆದರೆ ಅವನು ಆಸ್ಪತ್ರೆಯಿಂದ ಬಂದು ಎರಡು ವಾರ ಆಗಿದೆಯಷ್ಟೇ. ಡಾಕ್ಟರಮ್ಮ ಅವನೆದುರಿಗೇ ಹೇಳಿದ್ದರು — ಲಿವರ್ ಹಾಳಾಗಿದೆ, ಇನ್ನು ಕುಡಿದರೆ ಉಳಿಯುವುದು ಕಷ್ಟ. ಅವನು ಆಗಲೂ ಹೀಗೇ ಏನೋ ತಮಾಷೆ ಮಾಡಿದ್ದ. ಡಾಕ್ಟರಮ್ಮ ನಗಲಿಲ್ಲ.

ಅವನು ಇಲ್ಲಿರುವಷ್ಟು ದಿನ ಈ ಓದು ತಪ್ಪಿಸುವುದಿಲ್ಲ. ಅದೊಂದೇ ನನ್ನ ಕೈಲಾಗುವುದು.

ಆಗಸ್ಟ್ 14, ಮಧ್ಯಾಹ್ನ

ಹಲ್ಲಿನ ಡಾಕ್ಟರ ವೇಟಿಂಗ್ ರೂಮಿನ ಕುರ್ಚಿಗಳು ರಿಪೇರಿಗೆ ಬಂದಿವೆ. ಫೋಮ್ ಪೂರ್ತಿ ಕುಸಿದಿದೆ, ಪಟ್ಟಿಗಳು ಜೋತುಬಿದ್ದಿವೆ. ತಮ್ಮ ಹಳೇ ರೆಕ್ಸಿನ್ ಬಿಚ್ಚಿ ಒಂದರ ಕೆಳಗೆ ಒಂದು ಹರವಿದ, ಅದೇ ಅಳತೆಗೆ ಹೊಸದರ ಮೇಲೆ ಗೀಟು ಹಾಕಿದ. ಅವನ ಕತ್ತರಿ ಹೋದ ದಾರಿಯಲ್ಲಿ ಚೂರೂ ವೇಸ್ಟ್ ಇರುವುದಿಲ್ಲ. ಕೈ ನಡುಗುವುದು ಕಮ್ಮಿಯಾಗಿದೆ. ನೋಡದ ಹಾಗೆ ನೋಡಿದೆ.

ಸ್ಪಿರಿಟ್ ಹಾಕಿ ಪಾಲಿಶ್ ಮಾಡುವ ಕೆಲಸ ನಿಲ್ಲಿಸಿದ್ದೇನೆ. ಆ ವಾಸನೆ ಅಂಗಡಿಯೊಳಗೆ ಬೇಡ. ಯಾರಾದರೂ ಕೇಳಿದರೆ ಬೆನ್ನುನೋವು ಎನ್ನುತ್ತೇನೆ.

ಅವನು ಊಟಕ್ಕೆ ಮೇಲೆ ಹೋದಾಗ ಮೂಲೆಯ ಬಾರಿನ ಮ್ಯಾನೇಜರ್ ಬಂದಿದ್ದ. ಸೋಫಾ, ಸ್ಟೂಲು ಎಲ್ಲದಕ್ಕೂ ಹೊಸ ಹೊದಿಕೆ ಬೇಕಂತೆ. ಅಲ್ಲೇ ಬಂದು ಅಳತೆ ತೆಗೆಯಬೇಕು, ಅಲ್ಲೇ ಕೂತು ಪಿನ್ನು ಹೊಡೆದು ಕೂರಿಸಬೇಕು. ಕೈತುಂಬ ಕೆಲಸ ಇದೆ, ಆಗಲ್ಲ ಅಂದೆ. ಈ ಕುರ್ಚಿಗಳು ಬಿಟ್ಟರೆ ಕೈ ಖಾಲಿಯೇ ಇತ್ತು. ತಮ್ಮನಿಗೆ ಹೇಳಲಿಲ್ಲ.

ಆಗಸ್ಟ್ 20

ಇಪ್ಪತ್ತನೆಯದು ಕುಡಿತದ ಮಾತಿನಿಂದಲೇ ಶುರುವಾಗುತ್ತದೆ. ಮೊದಲ ವಚನ ಯಾವಾಗಲೂ ಅವನದ್ದು. ಸ್ಟಾಪಿನಲ್ಲಿ ನಿಲ್ಲಿಸದ ಬಸ್ಸಿನ ಹಾಗೆ ಒಂದೇ ಉಸಿರಿಗೆ ಓದಿ ದಾಟಿದ. ನಾನು ಪುಸ್ತಕದಿಂದ ಕಣ್ಣೆತ್ತಲಿಲ್ಲ. ಹುಬ್ಬನ್ನೂ.

ಒಂದು ಸಾಲಾದರೆ ಹೇಗೋ ದಾಟಬಹುದು. ಆದರೆ ಇಪ್ಪತ್ತಮೂರು? ಅದರ ಕೊನೆಯ ಭಾಗ ಪೂರ್ತಿ ಕುಡುಕನದ್ದೇ — ಕಣ್ಣು, ಗಾಯ, ತೂರಾಟ, ಎದ್ದ ಮೇಲೆ ಮತ್ತೆ ಅದೇ. ಅಮ್ಮ ಅಪ್ಪನ ಮುಂದೆ ಆ ಅಧ್ಯಾಯ ಓದುವಾಗ ನಾವಿಬ್ಬರೂ ಟೇಬಲ್ಲಿನ ಕೆಳಗೆ ಕಾಲು ಕಾಲು ತಾಗಿಸಿಕೊಂಡು ಕೂರುತ್ತಿದ್ದೆವು. ಅಪ್ಪ ಎದ್ದುಹೋಗುತ್ತಿದ್ದ. ಎಲ್ಲಿಗೆ ಅಂತ ಯಾರೂ ಕೇಳುತ್ತಿರಲಿಲ್ಲ.

ಆಗಸ್ಟ್ 22, ಸಂಜೆ

ಇವರನ್ನು ಕೇಳಿದೆ, ನಾಳೆ ಏನು ಮಾಡಲಿ ಅಂತ. ಶೂ ಬಿಚ್ಚುತ್ತಾ, "ಓದು. ಅವನಿಗೆ ಗೊತ್ತಿಲ್ದೇ ಇರೋದು ಅದರಲ್ಲಿ ಏನಿದೆ?" ಅಂದರು.

"ಎದ್ದು ಹೋಗ್ಬಿಟ್ರೆ?"

"ಅವನು ನಿಮ್ಮಪ್ಪ ಅಲ್ಲ ಕಣೇ."

ಹೇಳುವುದು ಸುಲಭ. ಇವರ ಕೈಯಲ್ಲಿ ಸ್ಟೇರಿಂಗ್ ಇದೆ, ಬ್ರೇಕೂ ಇದೆ. ನನ್ನ ಕೈಯಲ್ಲಿ ಏನಿದೆ?

ಆಗಸ್ಟ್ 23, ಮಧ್ಯಾಹ್ನ

ಒಂದು ಹಾಳೆ ಮುಂದೆ ತಿರುಗಿಸಿಟ್ಟಿದ್ದೆ. ಅವನು ಬಂದು ಕೂತ. ಪುಟ ನೋಡಿದ. ಗೋಡೆಯ ಕ್ಯಾಲೆಂಡರ್ ನೋಡಿದ. ಇಪ್ಪತ್ತನಾಲ್ಕನೆಯದನ್ನು ಓದಲು ಶುರುಮಾಡಿದ. ಕೊನೆಯ ತನಕ ಓದಿದೆವು. ಆರಿಸಿಕೋ ಅಂದೆ.

"ಇವತ್ತು ನನಗೆ ಏನೂ ಇಲ್ಲ. ನನ್ನದನ್ನ ನೀನು ಮಡಚಿಟ್ಟಿದ್ದೀಯಲ್ಲ."

"ಹಾಳೆ ಅಂಟಿಕೊಂಡಿತ್ತು ಕಣೋ..."

"ಅಮ್ಮ ಅಪ್ಪನ ಮುಂದೇನೇ ಓದ್ತಿದ್ಳು ಅಕ್ಕ. ನೀನು ನನ್ನನ್ನ ಅಪ್ಪನಿಗಿಂತ ಕೀಳು ಅಂದ್ಕೊಂಡಿದ್ದೀಯ."

ಹಾಗಲ್ಲ ಅನ್ನುವಷ್ಟರಲ್ಲಿ ಮೆಟ್ಟಿಲು ಇಳಿದಾಗಿತ್ತು. ಕೆಳಗೆ ಹೋಗಿ ನೋಡಿದರೆ ರೆಕ್ಸಿನ್ ಅರ್ಧ ಕತ್ತರಿಸಿದೆ, ಕತ್ತರಿ ಅದರಲ್ಲೇ ಸಿಕ್ಕಿಕೊಂಡಿದೆ. ಅವನಿಲ್ಲ.

ಅದೇ ದಿನ, ಸಂಜೆ

ಬಂದಿಲ್ಲ. ಫೋನ್ ಇಲ್ಲೇ ಬಿಟ್ಟು ಹೋಗಿದ್ದಾನೆ.

ಆಗಸ್ಟ್ 29

ತಮ್ಮನನ್ನು ಇವರೇ ಕರೆತಂದದ್ದು. ಕುಡಿದು ಡಿಪೋದ ಬೆಂಚಿನ ಮೇಲೆ ಬಿದ್ದಿದ್ದನಂತೆ. ಮೈಮೇಲೆ ಪ್ರಜ್ಞೆ ಇರಲಿಲ್ಲ. ಖಾಲಿ ಬಸ್ಸಿನಲ್ಲಿ ಮಲಗಿಸಿಕೊಂಡು ನೇರ ಆಸ್ಪತ್ರೆಗೆ. ಇವತ್ತು ಮನೆಗೆ ಕಳಿಸಿದರು. ಕಣ್ಣು ಹಳದಿ. ಪಾದಗಳು ಬಾತಿವೆ. ಡಾಕ್ಟರಮ್ಮ ಈ ಸಲ ಬೈಯಲೂ ಇಲ್ಲ, ಅದನ್ನು ನೋಡಿ ಇನ್ನೂ ಹೆದರಿಕೆಯಾಯಿತು. "ಮುಂದಿನ ಸಲ ಅಂತ ಒಂದು ಇರಲ್ಲ" ಅಂದರು, ಅಷ್ಟೇ.

ಅಂಗಡಿಯ ಅಟ್ಟದಲ್ಲಿ, ಫೋಮ್ ಶೀಟುಗಳ ನಡುವೆ ಅವನ ಹಾಸಿಗೆ. ಏಣಿ ಹತ್ತಿ ಗಂಜಿ ಇಟ್ಟು ಬಂದೆ. ಗೋಡೆ ಕಡೆ ತಿರುಗಿ ಮಲಗಿದ್ದ.

ನನ್ನ ಮೇಲೆ ನನಗೇ ಸಿಟ್ಟು. ಹೆದರಿ ಮಾಡಿದ್ದು, ಹೆದರಿದ್ದನ್ನೇ ತಂದಿತು. ಕೂತು ಅಳುವುದಕ್ಕೆ ಪುರುಸೊತ್ತಿಲ್ಲ. ನಾಳೆಯಿಂದ ಓದುತ್ತೇನೆ. ಕೇಳಲಿ, ಬಿಡಲಿ.

ಆಗಸ್ಟ್ 31, ಬೆಳಿಗ್ಗೆ

ಏಣಿಯ ಬುಡದಲ್ಲಿ ಸ್ಟೂಲು ಹಾಕಿಕೊಂಡು ಗಟ್ಟಿಯಾಗಿ ಓದಿದೆ. ನಿನ್ನೆಯೂ ಓದಿದ್ದೆ, ಮೇಲಿನಿಂದ ಕೆಮ್ಮು ಕೂಡ ಬರಲಿಲ್ಲ. ಇವತ್ತು ಕೊನೆಯ ಅಧ್ಯಾಯ. ತಾಯಿಯೊಬ್ಬಳು ರಾಜನಾದ ತನ್ನ ಮಗನಿಗೆ ಬುದ್ಧಿ ಹೇಳುತ್ತಾಳೆ, ಅದರಲ್ಲಿ ಕುಡಿತದ ಮಾತೂ ಇದೆ. ಬಿಡಲಿಲ್ಲ, ಒಂದಕ್ಷರವನ್ನೂ.

ಮೇಲಿನಿಂದ, "ಅಮ್ಮನ ಥರ ಓದ್ಬೇಡ."

"ಮತ್ತೆ ಹೇಗೆ ಓದ್ಲಿ?"

"...ಸ್ವಲ್ಪ ನಿಧಾನ."

ನಿಧಾನವಾಗಿಯೇ ಓದಿದೆ.

ಸೆಪ್ಟೆಂಬರ್ 1

ಒಂದನೇ ತಾರೀಕು, ಒಂದನೇ ಅಧ್ಯಾಯ. ಸ್ಟೂಲಿನ ಮೇಲೆ ಕೂತಾಗ ಹೊಳೆಯಿತು. ಅವನಿಲ್ಲದ ದಿನಗಳಲ್ಲಿ ನಾನೂ ಪುಸ್ತಕ ಮುಟ್ಟಿರಲಿಲ್ಲ. ಆ ಅಧ್ಯಾಯಗಳೆಲ್ಲ ಹಾಗೇ ಉಳಿದವು. ಆದರೆ ಅಮ್ಮನ ಕ್ರಮದಲ್ಲಿ ಬಿಟ್ಟದ್ದನ್ನು ಹಿಂದೆ ಹೋಗಿ ಕೂಡಿಸುವ ಲೆಕ್ಕವೇ ಇಲ್ಲ. ಇವತ್ತಿನ ತಾರೀಕು ಏನು, ಅದನ್ನು ಓದು. ಅಷ್ಟೇ ಕೇಳುತ್ತದೆ. ಗಟ್ಟಿಗಿತ್ತಿ ನಮ್ಮಮ್ಮ, ಎಷ್ಟು ಮೆತ್ತಗಿನ ಕ್ರಮ ಮಾಡಿಟ್ಟಿದ್ದಾಳೆ.

ಇದನ್ನು ಅಟ್ಟದ ಕಡೆ ಮುಖ ಮಾಡಿ ಹೇಳಿದೆ. ಏಣಿ ಹತ್ತಿ ನೋಡಿದೆ. ಗಂಜಿ ಬಟ್ಟಲು ಖಾಲಿಯಾಗಿತ್ತು.

ಸೆಪ್ಟೆಂಬರ್ 5

ಇಳಿದು ಬಂದ! ಪೂರ್ತಿ ಅಲ್ಲ, ಏಣಿಯ ನಡುವಿನ ಮೆಟ್ಟಿಲ ತನಕ. ಅಲ್ಲೇ ಕೂತು ಕೈ ಚಾಚಿದ. ಮೊದಲ ವಚನ ಆಗಲೇ ಓದಿದ್ದೆ, ಪುಸ್ತಕ ಕೊಟ್ಟೆ. ಎರಡನೇ ವಚನ ಓದಿದ. ನನಗೆ ವಾಪಸ್ ಕೊಟ್ಟ. ಹೀಗೇ ಕೊನೆಯ ತನಕ, ಮೇಲೆ ಕೆಳಗೆ, ಮೇಲೆ ಕೆಳಗೆ. ಕತ್ತು ಹಿಡಿದುಕೊಂಡಿದೆ. ಹಿಡಿದುಕೊಳ್ಳಲಿ.

ಸೆಪ್ಟೆಂಬರ್ 12

ಕೆಲಸಕ್ಕೆ ಕೂತಿದ್ದಾನೆ. ಅರ್ಧ ಕತ್ತರಿಸಿದ್ದ ರೆಕ್ಸಿನ್ ತಾನೇ ಮುಗಿಸಿದ. ಹಲ್ಲಿನ ಡಾಕ್ಟರು ಎರಡು ಸಲ ಫೋನ್ ಮಾಡಿ ಗೊಣಗಿದರು. ಹಲ್ಲುನೋವು ಬಂದವರೆಲ್ಲ ನಿಂತುಕೊಂಡೇ ಇದ್ದಾರಂತೆ. "ಹೇಗೂ ಒಳಗೆ ಹೋಗಿ ಮಲಗೋದೇ ಅಲ್ವಾ?" ಅಂದ ತಮ್ಮ. ಅವನ ಬಾಯಲ್ಲಿ ತಮಾಷೆ ಕೇಳಿ ಎಷ್ಟು ದಿನವಾಗಿತ್ತು.

ಸೆಪ್ಟೆಂಬರ್ 18

ಬಾರಿನ ಮ್ಯಾನೇಜರ್ ಮತ್ತೆ ಬಂದಿದ್ದ. ಹೋದ ತಿಂಗಳು ನಾನು ಆಗಲ್ಲ ಅಂದದ್ದನ್ನೂ ಎತ್ತಿದ; ಬೇರೆಯವರು ಹೊಡೆದ ಹೊದಿಕೆ ಆಗಲೇ ಹೊಲಿಗೆ ಬಿಟ್ಟಿದೆಯಂತೆ. ಈ ಸಲ ತಮ್ಮ ಎದುರಿಗೇ ಇದ್ದ. ಕತ್ತರಿ ನಿಲ್ಲಿಸಿ ನನ್ನ ಮುಖ ನೋಡಿದ. ಅವನಿಗಿಂತ ಮೊದಲು ನಾನೇ ಬಾಯಿಬಿಟ್ಟೆ.

"ಮಾಡಿಕೊಡ್ತೀವಿ. ಇಪ್ಪತ್ತಮೂರಕ್ಕೆ ನನ್ನ ತಮ್ಮ ಬಂದು ಅಳತೆ ತಗೋತಾನೆ."

ಇಪ್ಪತ್ತಮೂರು ಅಂದದ್ದು ಬೇಕೆಂದೇ. ಇನ್ನು ಹಾಳೆ ಮಡಚುವುದಿಲ್ಲ, ಅವನನ್ನು ಮಗುವಿನ ಹಾಗೆ ಬಚ್ಚಿಡುವುದೂ ಇಲ್ಲ. ನಂಬುತ್ತೇನೆ ಅಂದಮೇಲೆ ಪೂರ್ತಿ ನಂಬಬೇಕು. ಅಳತೆ ಟೇಪು ಅವನ ಕೈಗೆ ಕೊಟ್ಟೆ. ಜೇಬಿಗೆ ಹಾಕಿಕೊಂಡ. ಕತ್ತರಿ ಮತ್ತೆ ಶುರುವಾಯಿತು.

ರಾತ್ರಿ ಇವರಿಗೆ ಹೇಳಿದರೆ, "ನೀನು ಯಾವಾಗಲೂ ಹೀಗೇ. ಬ್ರೇಕ್ ಹಾಕಿದ್ರೆ ಜನ ಬೀಳ್ತಾರೆ, ಬಿಟ್ರೆ ಬಸ್ಸೇ ಬೀಳುತ್ತೆ" ಅಂದು ಮಗ್ಗುಲಾದರು. ನಿದ್ದೆ ನನಗೆ ಬರಲಿಲ್ಲ.

ಸೆಪ್ಟೆಂಬರ್ 23, ಬೆಳಿಗ್ಗೆ

ಮೇಲಿನ ಟೇಬಲ್ಲಿಗೇ ಬಂದು ಕೂತ, ಮೊದಲಿನ ಹಾಗೆ. ಇವರು ಡ್ಯೂಟಿ ಬದಲಾಯಿಸಿಕೊಂಡು ಮನೆಯಲ್ಲೇ ಉಳಿದಿದ್ದರು; ಶೇವ್ ಮಾಡುವ ನೆಪದಲ್ಲಿ ಬಾಗಿಲ ಹತ್ತಿರವೇ ಸುಳಿದಾಟ. ಪುಟ ಸರಿಯಾಗಿ ತೆರೆದಿಟ್ಟಿದ್ದೆ. ಒಂದು ಅವನು, ಒಂದು ನಾನು. ಕೊನೆಯ ಭಾಗದ ಮೊದಲ ವಚನ ಅವನು ಓದಿದ. ನನ್ನ ಸರದಿ. ಪುಟದ ಅಂಚು ನೇವರಿಸುತ್ತಾ ಕೂತೆ.

"ಕೊಡು ಅಕ್ಕ. ಇದಿಷ್ಟೂ ನಾನೇ ಓದ್ತೀನಿ."

ಓದಿದ. ಓಡಲಿಲ್ಲ, ಒಂದೊಂದು ಸ್ಟಾಪಿನಲ್ಲೂ ನಿಲ್ಲಿಸಿ ಓದಿದ. ಮುಗಿಸಿ, ಬೆರಳು ಅಲ್ಲೇ ಇಟ್ಟುಕೊಂಡು ಅಂದ, "ಇದನ್ನ ಬರೆದೋನು ಹತ್ತಿರದಿಂದ ನೋಡಿದ್ದಾನೆ. ಇಲ್ಲಾಂದ್ರೆ ಆ ಕೊನೇ ಮಾತು, ಎದ್ದ ಮೇಲೆ ಮತ್ತೆ ಅದನ್ನೇ ಹುಡುಕೋದು, ಗೊತ್ತಾಗಲ್ಲ." ಆಮೇಲೆ, "ಆರಿಸಿಕೊಂಡೆ. ಇವತ್ತಿಗೆ ನನಗೆ ಇದೇ. ಬಾರಿಗೆ ಹೋಗಲ್ಲ."

ಜೇಬಿನಿಂದ ಟೇಪು ತೆಗೆದು ಪುಸ್ತಕದ ಪಕ್ಕ ಇಟ್ಟ.

ಮೊದಲು ಬಂದದ್ದು ಸಿಟ್ಟು. "ನಾನು ಮಾತು ಕೊಟ್ಟಿದ್ದೀನಲ್ಲೋ! ನಿನ್ನ ನಂಬ್ತೀನಿ ಅಂತ ತೋರಿಸೋಕೇ ತಾನೇ..."

"ಗೊತ್ತು. ಅದಕ್ಕೇ ಅವತ್ತು ಸುಮ್ನಿದ್ದೆ. ಆದ್ರೆ ನಾನೇ ನನ್ನ ಇನ್ನೂ ನಂಬಲ್ಲ ಅಕ್ಕ. ದೂರ ಇರು ಅಂತಿದೆ ಇದು, ಧೈರ್ಯ ತೋರಿಸು ಅಂತಿಲ್ಲ. ಹೋದ ತಿಂಗಳು ನೀನು ನನಗೋಸ್ಕರ ಬೇಡ ಅಂದೆ, ಈ ತಿಂಗಳು ನನಗೋಸ್ಕರ ಹ್ಞೂಂ ಅಂದೆ. ಎರಡೂ ಸಲ ಆರಿಸಿದ್ದು ನೀನೇ."

ಇವರು ಅರ್ಧ ಮುಖಕ್ಕೆ ಸೋಪು ಬಳಿದುಕೊಂಡು ಇಣುಕಿ, "ಹಾಗಾದ್ರೆ ಇವತ್ತು ಪಾತ್ರೆ ಯಾರ್ದು ಅಂತ ಕೇಳಲೇಬೇಕಿಲ್ಲ" ಅಂದರು.

ನಾಚಿಕೆಯಾಯಿತು. ಸಮಾಧಾನವೂ ಆಯಿತು. ಎರಡೂ ಒಟ್ಟಿಗೆ ಬಂದರೆ ಅಳು ಬರುತ್ತದೆ ಅಂತ ಗೊತ್ತಿರಲಿಲ್ಲ. ಮೂಗೊರೆಸಿಕೊಂಡು, ಮ್ಯಾನೇಜರಿಗೆ ಫೋನ್ ಮಾಡಿ ನಾನೇ ಹೇಳುತ್ತೇನೆ ಅಂದೆ.

"ಬೇಡ. ಬರ್ಲಿ. ನಾನು ಹೇಳ್ತೀನಿ."

ಅದೇ ದಿನ, ಮಧ್ಯಾಹ್ನ

ಅಳತೆಗೆ ಯಾರೂ ಬರಲಿಲ್ಲವೆಂದು ಮ್ಯಾನೇಜರೇ ಬಂದಿದ್ದಾನೆ. ಕೆಳಗೆ ಮಾತು ಕೇಳಿಸುತ್ತಿದೆ. ಇಳಿಯುವುದಿಲ್ಲ. ಬರೆಯುತ್ತಾ ಕೂತರೆ ಕುರ್ಚಿಯಲ್ಲಿ ಉಳಿಯುತ್ತೇನೆ, ಅದಕ್ಕೇ ಬರೆಯುತ್ತಿರುವುದು. ಇವರನ್ನೂ ಇಳಿಯಲು ಬಿಟ್ಟಿಲ್ಲ.

ಮ್ಯಾನೇಜರನ ದನಿ ನಯವಾಗಿದೆ. ಒಂದು ಗಂಟೆಯ ಕೆಲಸ ಅನ್ನುತ್ತಿದ್ದಾನೆ. ನಿಮ್ಮ ಕೈಯೇ ಬೇಕು ಅನ್ನುತ್ತಿದ್ದಾನೆ. ಸುಮ್ಮನೆ ಬಂದು ನೋಡಿ ಸಾಕು...

ತಮ್ಮ ಏನೂ ಅನ್ನುತ್ತಿಲ್ಲ. ಯಾಕೆ ಅನ್ನುತ್ತಿಲ್ಲ? ಎರಡು ಮಾತು ಹೇಳಿ ಬಂದುಬಿಡಲೇ... ಇಲ್ಲ. ಕೂತಿರು. ಕೂತಿರು.

ಈಗ ಅವನ ದನಿ. ಮೇಲಿನ ತನಕ ಕೇಳುವಷ್ಟು ಗಟ್ಟಿ.

"ಸರ್, ನಾನು ಕುಡುಕ. ಕುಡಿದ್ರೆ ಸಾಯ್ತೀನಿ. ನಿಮ್ಮಲ್ಲಿಗೆ ಕರೀಬೇಡಿ. ಸ್ಟೂಲು ಇಲ್ಲಿಗೆ ಕಳಿಸೋದಾದ್ರೆ ಕಳಿಸಿ, ಚೆನ್ನಾಗಿ ಹೊಡೆದುಕೊಡ್ತೀನಿ."

ಆ ಮಾತನ್ನು ಅವನು ಯಾರೆದುರಿಗೂ ಹೇಳಿದವನಲ್ಲ. ಆಸ್ಪತ್ರೆಯಲ್ಲೂ ಇಲ್ಲ. ನನ್ನೆದುರಿಗೂ ಇಲ್ಲ.

ಇವರು ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಾರೆ. ಮ್ಯಾನೇಜರ್ ಏನೋ ಮೆಲ್ಲಗೆ ಹೇಳಿದ, ಕೇಳಿಸಲಿಲ್ಲ. ಚಪ್ಪಲಿ ಸದ್ದು ಬೀದಿಗೆ ಹೋಯಿತು. ಸ್ಟೇಪ್ಲರ್ ಗನ್ ಶುರುವಾಯಿತು. ಟಕ್, ಟಕ್. ನಿಂತಿತು.

"ಅಕ್ಕಾ! ಆ ಕಂದು ಬಣ್ಣದ ರೆಕ್ಸಿನ್ ಎಲ್ಲಿಟ್ಟಿದ್ದೀಯ?"

ಕಪಾಟಿನ ಮೇಲೆ ಅಂತ ಕೂಗಬೇಕು, ಮೊದಲು ಈ ಸಾಲು ಮುಗಿಸಿಬಿಡುತ್ತೇನೆ. ಮತ್ತೆ ಕರೆಯುತ್ತಿದ್ದಾನೆ. ಬಂದೆ ಕಣೋ, ಬಂ—