ಕಡಲೆಗೆ ಹಾಕುವ ಮೂಳೆ

ಜುಲೈ 14, ಸೋಮವಾರ
ನಲವತ್ತಮೂರು ಡಿಗ್ರಿ. ಅಂಗಳದ ಕುಂಡಗಳಿಗೆ ಎರಡನೇ ಸಲ ನೀರು. ಈ ಬಿಸಿಲಲ್ಲಿ ಸ್ಪೇನಿಗೆ, ಅದರಲ್ಲೂ ನಮ್ಮ ಕೊರ್ದೊಬಾಗೆ ಯಾರು ಬರುತ್ತಾರೆ? ಒಬ್ಬರು ಬಂದಿದ್ದಾರೆ — ಒಫೇಲಿಯಾ, ಉರುಗ್ವೆಯ ರಿಟೈರ್ಡ್ ಟೀಚರ್. ಮೇಲಿನ ಬಾಡಿಗೆ ಕೋಣೆ, ಶುಕ್ರವಾರದವರೆಗೆ, ಊಟ ನಮ್ಮಲ್ಲೇ. ಮಾಂಸ ಮುಟ್ಟುವುದಿಲ್ಲವಂತೆ. ಒಂದು ಚೂರೂ ಇರುವುದಿಲ್ಲ ಎಂದು ಮಾತು ಕೊಟ್ಟೆ. ತಣ್ಣನೆಯ ಟೊಮೇಟೊ ಸಾರು ತಂದಿಟ್ಟೆ. ಚಮಚ ಅರ್ಧಕ್ಕೇ ನಿಂತಿತು.

"ಮೇಲೆ ಉದುರಿಸಿರೋದೇನು?"

"ಅದು ಹಮೋನ್ ಕಣ್ರೀ! ಒಣಗಿಸಿದ ಹಂದಿತೊಡೆ. ಮಾಂಸ ಅಲ್ಲ."

ನಕ್ಕುಬಿಟ್ಟರು. ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ಅಡುಗೆಯ ಉಸ್ತುವಾರಿ ನಾದಿನಿ ಅಂಗುಸ್ತಿಯಾಸ್‌ದು. ಅವಳಿಗೆ ಹೇಳಿ ಬೇರೆ ಬಟ್ಟಲು ತರಿಸಿದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳಿರುವುದೇ ಹಾಗೆ.

16, ಬುಧವಾರ
ಒಫೇಲಿಯಾ ಕಡಲೆ-ಪಾಲಕ್ ಎರಡೆರಡು ಸಲ ಹಾಕಿಸಿಕೊಂಡರು. "ಈ ಊರಲ್ಲಿ ನಾನು ನೆಮ್ಮದಿಯಾಗಿ ಉಣ್ಣೋದು ಇಲ್ಲಿ ಮಾತ್ರ, ಫುಯೆನ್ಸಾಂತಾ." ಅವರ ಅಪ್ಪ ಕಸಾಯಿಖಾನೆಯಲ್ಲಿ ದುಡಿದವರಂತೆ. ಅಪ್ಪ ತೀರಿಕೊಂಡ ದಿನ ಮಾಂಸ ಬಿಟ್ಟರಂತೆ. ಮೂವತ್ತೊಂದು ವರ್ಷ, ಒಂದು ತುತ್ತೂ ತಪ್ಪಿಲ್ಲ.

ನನ್ನ ಗಂಡ ಲಿಯಾಂದ್ರೊ ಮಾತ್ರ ತಟ್ಟೆ ತಳ್ಳಿದ. "ಏನೇ ಇದು, ಮೂರು ದಿನದಿಂದ ಸಪ್ಪೆ ಸಪ್ಪೆ?" ನಿಜವೇ. ಅಂಗುಸ್ತಿಯಾಸ್‌ಗೆ ವಯಸ್ಸಾಯಿತು. ಕೈರುಚಿ ಹೋಗಿದೆ.

17, ಗುರುವಾರ, ಬೆಳಿಗ್ಗೆ 11
ಮಾಂಸದಂಗಡಿಯ ಬೆನಿಟೊ ಕೂಗಿದ. "ಫುಯೆನ್ಸಾಂತಕ್ಕಾ, ನಿಮ್ಮ ಈ ವಾರದ ಮೂಳೆ!"

ಅಯ್ಯೋ ದೇವರೇ! ಕಡಲೆ ಬೇಯುವಾಗ ಹಂದಿತೊಡೆಯ ಮೂಳೆ ಹಾಕುತ್ತೇವಲ್ಲ... ಉಪ್ಪು ಹಾಕಿದ ಹಾಗೆ. ಅಮ್ಮ ಹಾಕುತ್ತಿದ್ದಳು, ಅಂಗುಸ್ತಿಯಾಸ್ ಹಾಕುತ್ತಾಳೆ. ಅದನ್ನು ಮಾಂಸ ಅಂತ ಯಾರೂ ಎಣಿಸುವುದೇ ಇಲ್ಲ. ನಾನೂ ಎಣಿಸಲಿಲ್ಲ. ಮೂರು ದಿನ ನನ್ನ ಕೈಯಾರೆ ಬಡಿಸಿದೆ!

ಕೇಳೋಣವೆಂದರೆ ನಾದಿನಿ ತನ್ನ ಮಗಳ ಮನೆಗೆ ಹೋಗಿದ್ದಾಳೆ. ಫೋನ್ ಎತ್ತುವುದಿಲ್ಲ.

ಸಂಜೆ 5
ಮಧ್ಯಾಹ್ನ ಕಣ್ಣು ಮುಚ್ಚಲಾಗಲಿಲ್ಲ. ಲಿಯಾಂದ್ರೊ ಅನ್ನುತ್ತಾನೆ, "ಬಾಯ್ಮುಚ್ಕೊಂಡಿರು. ನಾಳೆ ರೈಲು ಹತ್ತಿ ಹೋಗ್ತಾರೆ, ಅವರಿಗೇನು ಗೊತ್ತಾಗುತ್ತೆ?" ನನಗೆ ಗೊತ್ತಲ್ಲ! ಹೇಳಿಬಿಡಬೇಕು.

18, ಶುಕ್ರವಾರ
ತಿಂಡಿಗೆ ಕೂತಾಗ ಹೇಳಿದೆ. ಒಫೇಲಿಯಾ ಕಪ್ ಕೆಳಗಿಟ್ಟರು. "ಅಪ್ಪಾ..." ಎಂದರು, ತೀರಿಹೋದವರನ್ನು ಕರೆದ ಹಾಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅಂಗುಸ್ತಿಯಾಸ್, ಕೈಯಲ್ಲಿ ಚೀಲ, ಬಾಗಿಲಲ್ಲಿ. "ಯಾವ ಮೂಳೆ, ಅತ್ತಿಗೆ?"

"ಕಡಲೆಗೆ ಹಾಕಿದ್ದು ಕಣೇ!"

ಒಳಗೆ ಹೋದಳು. ಫ್ರೀಜರ್ ತೆಗೆದ ಸದ್ದು. ಹಿಮ ಹಿಡಿದ ಗಂಟೊಂದನ್ನು ತಂದು ಮೇಜಿನ ಮೇಲೆ ಟಪ್ಪೆಂದು ಇಟ್ಟಳು. "ಹೋದ ವಾರದ ಮೂಳೆ, ಸೋಮವಾರದಿಂದ ಅಲ್ಲೇ ಬಿದ್ದಿದೆ. ಮಾಂಸ ಬೇಡ ಅಂದ್ರಲ್ಲ, ಮತ್ತೆ ಇದನ್ನ ಹಾಕ್ತೀನಾ? ಗಂಡ ಹೆಂಡ್ತಿ ಮೂರು ದಿನ ಸಪ್ಪೆ ಅಂತ ಗೊಣಗಿದ್ರಿ. ನಾಲಿಗೆಗೆ ಅಷ್ಟೂ ತಿಳೀಲಿಲ್ವಾ?"

"ಒಂದು ಮಾತು ಹೇಳ್ಬಾರದಿತ್ತೇನೇ!"

"ನೀವು ಕೇಳಿದ್ರಾ?"

ನಗು, ಅಳು, ಎರಡೂ ಒಟ್ಟಿಗೆ ಬಂತು. ಒಫೇಲಿಯಾ ಎದ್ದು ಅಂಗುಸ್ತಿಯಾಸ್‌ಳನ್ನು ತಬ್ಬಿಕೊಂಡರು. ಇವಳು ಕಂಬದ ಹಾಗೆ ನಿಂತಿದ್ದಳು, ಕಣ್ಣು ಮಾತ್ರ ಒದ್ದೆ.

19, ಶನಿವಾರ
ನಲವತ್ತನಾಲ್ಕು. ಆದರೂ ಮೈ ಹಗುರ. ಮೇಲಿನ ಕೋಣೆ ಖಾಲಿ. ಅಂಗುಸ್ತಿಯಾಸ್ ಮೂಳೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. "ಹಾಕ್ಲಾ, ಅತ್ತಿಗೆ?" ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳುತ್ತಿದ್ದಾಳೆ. ಒಳಗಿಂದ ಲಿಯಾಂದ್ರೊ, "ಹಾಕೇ ಮಾರಾಯ್ತಿ!"

ಬಂದೆ ತಾಳೇ. ಬುಧವಾರ ಕೈರುಚಿ ಹೋಗಿದೆ ಅಂತ ಬರೆದೆನಲ್ಲ, ಮೊದಲು ಆ ಸಾಲು ಹೊಡೆದುಹಾಕಿ ಬರುತ್ತೇನೆ.